ಮುಳ್ಳು ಇಳಿಸುತ್ತಿದ್ದ ದೊಡ್ಡಮ್ಮ

ಕಳೆದ ವಾರ ಕುಮಟಾದ ಸಂತೆಯಲ್ಲಿ ಒಬ್ಬಳು ಗೋಣಿಚೀಲದ ಮೇಲೆ ಮೀನುಸಾರಿಗೆ ಹಾಕುವ ಒಣಗಿದ ಜುಮ್ಮನಕಾಯಿ ಹರವಿಕೊಂಡು ಕೂತಿದ್ದಳು. ಹೊಸತೋ ಹಳತೋ ನೋಡೋಣವೆಂದು ಒಂದು ಕಾಯಿ ತೆಗೆದು ಉಗುರಿನಲ್ಲಿ ಒತ್ತಿ ಮೂಗಿಗೆ ಹಿಡಿದೆ. ಆ ಘಾಟು ಮೂಗಿನಿಂದ ನೆತ್ತಿಗೆ ಹತ್ತಿ, ಅಲ್ಲಿಂದ ನನ್ನನ್ನು ನೇರವಾಗಿ ಹೊನ್ನಾವರದ ಹತ್ತಿರದ ಕಾಸರಕೋಡಿನ ನಮ್ಮ ಕೇರಿಗೆ, ಆಚೆಮನೆ ದೊಡ್ಡಮ್ಮನ ಹಿತ್ತಿಲ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿತು. ಬಂಗಡೆಗೂ ಜುಮ್ಮನಕಾಯಿ, ತಾರ್ಲೆಗೂ ಜುಮ್ಮನಕಾಯಿ. ಅವಳ ಬೆರಳು, ಸೆರಗು, ಎಲೆಯಡಿಕೆಯ ಸಂಚಿ ಎಲ್ಲದಕ್ಕೂ ಅದೇ ವಾಸನೆ. ನಾನು ಕಾಯಿ ಹಿಡಿದುಕೊಂಡು ನಿಂತೇ ಇದ್ದೆ. ತೆಗೆದುಕೊಳ್ಳುವುದಿದ್ದರೆ ತೆಗೆದುಕೋ, ಇಲ್ಲವಾದರೆ ಗಿರಾಕಿಗೆ ಅಡ್ಡ ನಿಲ್ಲಬೇಡ ಎಂದು ಮಾರುವವಳು ಗದರಿದಳು. ದೊಡ್ಡಮ್ಮನೂ ಹಾಗೆಯೇ ಗದರುತ್ತಿದ್ದಳು…

ದೊಡ್ಡಮ್ಮ ಎಂದರೆ ರಕ್ತಸಂಬಂಧವೇನಲ್ಲ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಬಾವಿ, ಬಾವಿಗೆ ವಾಲಿಕೊಂಡ ಒಂದು ತೆಂಗು, ಅಷ್ಟೇ ಸಂಬಂಧ. ನಾನು ಮದುವೆಯಾಗಿ ಈ ಕೇರಿಗೆ ಬರುವಾಗಲೇ ಅವಳ ಗಂಡ ತೀರಿಹೋಗಿದ್ದ. ಮೀನು ಒಣಗಿಸುವ ಕೆಲಸವನ್ನೂ ಅವಳು ಬಿಟ್ಟಿದ್ದಳು. ಆದರೆ ಯಾರ ಮನೆಯಲ್ಲಿ ಎಂತ ಬೇಯುತ್ತಿದೆ, ಎಂತ ಸೀಯುತ್ತಿದೆ ಎಂದು ತಿಳಿದುಕೊಳ್ಳುವ ಕೆಲಸವನ್ನು ಮಾತ್ರ ಬಿಟ್ಟಿರಲಿಲ್ಲ. ಮುಂಬಾಗಿಲಿನಿಂದ ಅವಳು ಒಳಗೆ ಬಂದದ್ದನ್ನು ನಾನು ಕಂಡಿಲ್ಲ. ಹಿತ್ತಿಲ ಬಾಗಿಲಿನಿಂದ ನುಗ್ಗಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು, ಬೆರಳು ಅದ್ದಿ ನೆಕ್ಕಿ, ಉಪ್ಪು ಕಮ್ಮಿ ಎಂದು ತೀರ್ಪು ಕೊಟ್ಟ ಮೇಲೆಯೇ ನನ್ನ ಮುಖ ನೋಡುತ್ತಿದ್ದಳು. ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಇಲ್ಲದ ಮನೆ ಎಂದು ನನ್ನ ತವರಿನವರು ಸಮಾಧಾನಪಟ್ಟಿದ್ದರು. ಅವರಿಗೆ ಬಾವಿಯ ಆಚೆ ಯಾರಿದ್ದಾರೆ ಎಂದು ಗೊತ್ತಿರಲಿಲ್ಲ.

ಹೀಗೆಲ್ಲ ಇದ್ದರೂ ಇಡೀ ಕೇರಿಗೆ ಅವಳು ಬೇಕಾಗುತ್ತಿದ್ದಳು, ಮುಳ್ಳು ಇಳಿಸುವುದಕ್ಕೆ. ನಮ್ಮದು ಮೀನಿನವರ ಕೇರಿ. ಯಾರದಾದರೂ ಗಂಟಲಲ್ಲಿ ಮುಳ್ಳು ಸಿಕ್ಕುವುದು ಕಾಲಿಗೆ ಕಲ್ಲು ತಾಗುವಷ್ಟೇ ಸಾಮಾನ್ಯ. ಸಿಕ್ಕಿದವರು ಕಣ್ಣಲ್ಲಿ ನೀರು ತುಂಬಿಕೊಂಡು ಅವಳ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಅವರು ತಿಂದ ಮೀನಿನದೇ ನಡುಮುಳ್ಳನ್ನು ಅವಳು ತರಿಸಿ ನೆತ್ತಿಯ ಮೇಲಿಟ್ಟು, ಕತ್ತಿನ ಹಿಂದೆ ಅಂಗೈಯಲ್ಲಿ ಮೆಲ್ಲಗೆ ಬಡಿದು, ಲಿಂಬೆಹಣ್ಣಿನಷ್ಟು ಒಣ ಅನ್ನದ ಉಂಡೆ ಬಾಯಿಗಿಟ್ಟು, ಅಗಿಯಬಾರದು, ಇಳಿಯುತ್ತದೆ, ನುಂಗು ಎನ್ನುತ್ತಿದ್ದಳು. ಹೆಚ್ಚಿನದು ಇಳಿಯುತ್ತಿತ್ತು. ಇಳಿಯದವರು ಹೊಳೆ ದಾಟಿ ಹೊನ್ನಾವರದ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಅಂಥವರನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ನನ್ನ ಮಗಳಿಗೆ ಆಗ ಎಂಟು ವರ್ಷ. ಮುಳ್ಳಿಗೆ ಹೆದರುವ ಹುಡುಗಿಯೇ ಅಲ್ಲ. ಅವಳ ಅಪ್ಪ ತಾಂಡೇಲ, ಬೋಟು ನಡೆಸುವವರು. ಒಮ್ಮೆ ಹೋದರೆ ಹತ್ತಾರು ದಿನ ಸಮುದ್ರದ ಮೇಲೆಯೇ. ಅವರು ದಡಕ್ಕೆ ಬಂದ ದಿನ ಅಪ್ಪ ಮಗಳು ಎದುರುಬದುರು ಕೂತು ತಾರ್ಲೆ ತಿನ್ನುವುದನ್ನು ನೋಡಬೇಕಿತ್ತು. ಎರಡೂ ಬದಿ ಸವರಿ, ಮುಳ್ಳನ್ನು ಬಾಚಣಿಗೆಯ ಹಾಗೆ ತಾಟಿನ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದಳು.

ಆ ವರ್ಷ ಮಳೆ ಹಿಂದಾದ ಮೇಲೆ ಅವಳಿಗೆ ಗಂಟಲು ನೋವು, ಜ್ವರ ಬಂತು. ಔಷಧ ಕೊಟ್ಟೆವು, ಬಿಟ್ಟಿತು, ನಾವೂ ಮರೆತೆವು. ಕೆಲವು ವಾರ ಕಳೆದಿರಬೇಕು. ಒಂದು ಸೋಮವಾರ ಶಾಲೆಯಿಂದ ಬಂದು ಅನ್ನಕ್ಕೆ ಕೂತವಳು ತುತ್ತು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟಳು. ಮುಳ್ಳು ಸಿಕ್ಕಿತು ಎಂದಳು. ಅವತ್ತು ಮನೆಯಲ್ಲಿ ಮೀನೇ ಇರಲಿಲ್ಲ, ಬಸಳೆ ಮಾಡಿದ್ದೆ.

ಬೇರೆ ಕಡೆಯವರಾಗಿದ್ದರೆ ಇಲ್ಲೇನೋ ಸರಿಯಿಲ್ಲ ಎಂದು ಆಗಲೇ ಹೊಳೆಯುತ್ತಿತ್ತೋ ಏನೋ. ನಮಗೆ ಹೊಳೆಯಲಿಲ್ಲ. ಗಂಟಲಲ್ಲಿ ಏನಾದರೂ ಆದರೆ ಅದು ಮುಳ್ಳು. ಅದರಾಚೆ ನಮ್ಮ ಬುದ್ಧಿ ಹೋಗುವುದಿಲ್ಲ. ದೊಡ್ಡಮ್ಮ ಬಂದು, ನಿನ್ನೆ ಆಯಿತವಾರ ತಿಂದ ಮುಳ್ಳು ಇವತ್ತು ಅಡ್ಡ ತಿರುಗಿದೆ ಎಂದು ನಿರ್ಧರಿಸಿದಳು. ನಿನ್ನೆಯ ಮೀನಿನ ನಡುಮುಳ್ಳನ್ನು ಬೆಕ್ಕು ಕಚ್ಚಿಕೊಂಡು ಹೋಗಿತ್ತು. ಅದಕ್ಕೆ ಯಾರದೋ ಮನೆಯಿಂದ ಬೇರೆ ಮೀನಿನದು ತರಿಸಿ ನೆತ್ತಿಯ ಮೇಲಿಟ್ಟಳು. ಮುಂದೆ ಆದದ್ದಕ್ಕೆಲ್ಲ ಆ ಬೆಕ್ಕೇ ಕಾರಣ ಎಂದು ಕಡೆಯವರೆಗೂ ಅದನ್ನು ಬಯ್ಯುತ್ತಿದ್ದಳು. ಅನ್ನದ ಉಂಡೆಯನ್ನು ಮಗು ನುಂಗಲಿಲ್ಲ. ಉಗಿದು, ಕೂಗಿ, ನನ್ನ ಕುತ್ತಿಗೆಗೆ ಜೋತುಬಿದ್ದಿತು.

ಹೊನ್ನಾವರದ ಡಾಕ್ಟರು ಬೆಳಕು ಬಿಟ್ಟು ನೋಡಿದರು, ಎಂತದೂ ಇಲ್ಲ. ಇನ್ನೊಬ್ಬರು ಮೂಗಿನಿಂದ ಕೆಮರಾ ಇಳಿಸಿ ನೋಡಿದರು, ಎಂತದೂ ಇಲ್ಲ. ಆದರೆ ಮಗಳಿಗೆ ಅನ್ನದಲ್ಲಿ ಮುಳ್ಳು, ಹಾಲಿನಲ್ಲಿ ಮುಳ್ಳು, ಸೋಸಿದ ಚಾದಲ್ಲಿ ಮುಳ್ಳು, ಕೊನೆಗೆ ನೀರಿನಲ್ಲೂ. ಬಟ್ಟೆಯಲ್ಲಿ ಸೋಸು, ಮತ್ತೆ ಸೋಸು, ದೀಪಕ್ಕೆ ಹಿಡಿದು ತೋರಿಸು. ತೋರಿಸಿ ಇಲ್ಲ ಎಂದರೆ ಒಂದು ಗುಟುಕು. ಮರುಗಳಿಗೆಗೆ ಮತ್ತೆ ಅದೇ. ಕಣ್ಣು ಪಿಳಿಪಿಳಿ ಬಡಿಯತೊಡಗಿತು, ಕತ್ತು ತಾನೇ ಒಂದು ಬದಿಗೆ ಜಗ್ಗತೊಡಗಿತು. ಮುತ್ತಿನಂಥ ಅಕ್ಷರ ಬರೆಯುತ್ತಿದ್ದವಳ ಅಕ್ಷರ ಸಾಲಿನಿಂದ ಕೆಳಗೆ ಉದುರಿದವು. ನಾನು ಬಚ್ಚಲಿಗೆ ಹೋದರೂ ಬಾಗಿಲು ಬಡಿದು ಅಳುವುದು, ಒಮ್ಮೊಮ್ಮೆ ಕಾರಣವಿಲ್ಲದೆ ಸಿಕ್ಕಿದ್ದನ್ನು ಬಿಸಾಡುವುದು. ರಾತ್ರಿ ಮಲಗಿದ ಮಗು ಬೇರೆ, ಬೆಳಿಗ್ಗೆ ಎದ್ದ ಮಗು ಬೇರೆ. ಲಂಗದ ಸೊಂಟ ದಿನದಿಂದ ದಿನಕ್ಕೆ ಸಡಿಲವಾಗುತ್ತ ಹೋಯಿತು.

ಅಷ್ಟರಲ್ಲಿ ಊರಿನವರೆಲ್ಲ ವೈದ್ಯರಾಗಿದ್ದರು. ಭಟ್ಕಳದ ನಾದಿನಿಗೆ ಅದು ದೃಷ್ಟಿ. ಹಿರೇಗುತ್ತಿಯ ನೆಂಟರಿಗೆ ಮೊಬೈಲಿನ ಚಾಳಿ. ಶಾಲೆಯ ಅಕ್ಕೋರಿಗೆ ಒಂದೇ ಮಗಳೆಂಬ ಮುದ್ದು ಜಾಸ್ತಿ ಆದದ್ದು. ಎರಡು ಬಿಟ್ಟರೆ ಸರಿಹೋಗುತ್ತದೆ ಎಂದು ಹೇಳಿದವರಿಗಂತೂ ಲೆಕ್ಕವಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಕೂಡ ಹೇಳಿದಳು. ಎಲ್ಲರಿಗೂ ಹೂಂಗುಟ್ಟಿ ಹೂಂಗುಟ್ಟಿ ನನಗೇ ಕತ್ತು ಜಗ್ಗುವ ಚಾಳಿ ಬರುತ್ತದೇನೋ ಅನ್ನಿಸಿತ್ತು.

ಕಡೆಗೆ ಮಂಗಳೂರು ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ನರರೋಗ ನೋಡುವ ಡಾಕ್ಟರಮ್ಮ ಒಬ್ಬರು, ಮಗುವಿಗಿಂತ ಮೊದಲು ನನ್ನನ್ನು ಮಾತಾಡಿಸಿ, ಈ ಹಿಂದೆ ಗಂಟಲು ನೋವು ಬಂದಿತ್ತೇ ಎಂದು ಕೇಳಿದರು. ರಕ್ತ ತೆಗೆದರು, ಏನೇನೋ ಪರೀಕ್ಷೆ ಮಾಡಿದರು. ಗಂಟಲಿನ ಸೋಂಕನ್ನು ಹೊಡೆಯಲು ದೇಹ ಕಟ್ಟಿದ ಪಡೆ ಗುರಿ ತಪ್ಪಿ ಮಗುವಿನ ಮೆದುಳಿನ ಮೇಲೆಯೇ ಬಿದ್ದಿದೆ. ಈ ಹೆದರಿಕೆ, ಈ ಕಣ್ಣು ಬಡಿಯುವುದು, ಈ ಹಟ ಯಾವುದೂ ಅವಳ ಗುಣವಲ್ಲ, ಕಾಯಿಲೆ ಎಂದರು. ಪ್ಯಾಂಡಾಸ್ ಎಂದು ಅದರ ಹೆಸರಂತೆ. ಹೆಸರು ಸಿಕ್ಕಿತಲ್ಲ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಊರಿಗೆ ಬಂದು ಹೇಳಿದರೆ ಅದೂ ಒಂದು ಪಾಡು. ಮೆದುಳು ಎಂದರೆ ಮಗುವಿಗೆ ಹುಚ್ಚು ಎಂದು ತಿಳಿದರು. ಗಂಟಲಿನಿಂದ ಶುರುವಾದದ್ದು ಎಂದರೆ, ಹಾಗಾದರೆ ಮುಳ್ಳೇ ಆಯಿತಲ್ಲ ಎಂದಳು ದೊಡ್ಡಮ್ಮ.

ಡಾಕ್ಟರಮ್ಮ ಔಷಧದ ಜೊತೆ ಒಂದು ಕಟ್ಟಳೆಯನ್ನೂ ಹಾಕಿದ್ದರು. ಔಷಧ ತನ್ನ ಕೆಲಸ ಮಾಡಲು ಸಮಯ ಬೇಕು. ಅಲ್ಲಿಯವರೆಗೆ ಅವಳಿಗಾಗಿ ಅನ್ನ ಕೆದಕಿ ನೋಡಬೇಡಿ, ಮುಳ್ಳಿಲ್ಲ ಮುಳ್ಳಿಲ್ಲ ಎಂದು ಹೇಳುತ್ತಲೂ ಇರಬೇಡಿ. ನೀವು ಹೇಳಿದಷ್ಟೂ ಹೆದರಿಕೆ ಕೊಬ್ಬುತ್ತದೆ ಎಂದಿದ್ದರು. ಜೊತೆಗೆ, ತೂಕ ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದೂ ಹೇಳಿದ್ದರು. ನೀರಿನಲ್ಲಿ ಮುಳ್ಳು ಕಾಣುವ ಮಗುವಿನ ಗಂಟಲಿಗೆ ನಳಿಗೆ… ಕೆದಕಿ ತೋರಿಸಿದರೆ ಕಾಯಿಲೆ ಬೆಳೆಯುತ್ತದೆ, ತೋರಿಸದಿದ್ದರೆ ಮಗು ತಿನ್ನುವುದಿಲ್ಲ. ಇವರು ಬೋಟಿನ ಮೇಲೆ. ಫೋನು ಹತ್ತುವುದಿಲ್ಲ.

ನಾನು ಕಟ್ಟಳೆ ಹಿಡಿದೆ. ತಾಟು ಮುಂದಿಟ್ಟು ಸುಮ್ಮನೆ ಕೂತೆ. ಅವಳು ತುಟಿ ಬಿಗಿದು ಕೂತಳು. ಅನ್ನ ಒಣಗಿತು. ನಾನು ಪಾತ್ರೆ ತೊಳೆಯಲು ಎದ್ದು ಹೋಗಿ ತಿರುಗಿ ಬರುವಾಗ ನೋಡುತ್ತೇನೆ: ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ ದೊಡ್ಡಮ್ಮ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಅಗುಳು ಅಗುಳಾಗಿ ಬಿಡಿಸುತ್ತಿದ್ದಾಳೆ. ಮಗಳು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾಳೆ. ಬಿಡಿಸಿದ್ದು ಬಾಯಿಗೆ ಹೋಗುತ್ತಿದೆ. ನನ್ನ ಹೊಟ್ಟೆ ತಣ್ಣಗಾಯಿತು, ತಲೆ ಬಿಸಿಯಾಯಿತು. ಡಾಕ್ಟರು ಹೀಗೆ ಮಾಡಬಾರದು ಎಂದಿದ್ದಾರೆ ಎಂದೆ.

"ಆ ಡಾಕ್ಟ್ರಮ್ಮಂಗೆ ಮಕ್ಳು ಎಷ್ಟಂತೆ?"

ನನಗೆ ಗೊತ್ತಿಲ್ಲ ಎಂದೆ.

"ಕೇಳ್ಕಂಡು ಬಾ. ಅಲ್ಲಿವರೆಗೆ ಇದು ಉಣ್ಲಿ."

ಹೀಗೆ ಶುರುವಾದದ್ದು ದಿನವೂ ನಡೆಯಿತು. ನಾನು ಬೇಡ ಎನ್ನುವುದು, ಅವಳು ನಾಳೆ ಮಾಡುವುದಿಲ್ಲ ಎನ್ನುವುದು, ಮರುದಿನ ನಾನು ಅತ್ತ ತಿರುಗಿದ ಕೂಡಲೇ ಮೆಟ್ಟಿಲ ಮೇಲೆ ಹಾಜರಾಗುವುದು. ಮಗಳು ತಿನ್ನುತ್ತಿದ್ದಳು ನಿಜ. ಆದರೆ ಒಂದೊಂದು ಅಗುಳನ್ನು ಒಂದು ಸಲ ನೋಡಿದರೆ ಸಾಲದೆ ಎರಡು ಸಲ, ಆಮೇಲೆ ತಿರುಗಿಸಿ ಮತ್ತೆ ಹಿಂಬದಿ… ಒಂದು ಊಟ ಮುಗಿಯುವಾಗ ಬಿಸಿಲು ಅಂಗಳ ದಾಟಿರುತ್ತಿತ್ತು. ಡಾಕ್ಟರಮ್ಮ ಹೇಳಿದ ಹಾಗೆಯೇ ಹೆದರಿಕೆ ನನ್ನ ಕಣ್ಣೆದುರೇ ಕೊಬ್ಬುತ್ತಿತ್ತು. ಒಂದು ದಿನ ತಡೆಯಲಾರದೆ ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿದೆ. ದೊಡ್ಡಮ್ಮ ಹೊರಗಿನಿಂದ ಒಮ್ಮೆ ದೂಡಿ ನೋಡಿದಳು, ಬಡಿಯಲಿಲ್ಲ. ಚಪ್ಪಲಿಯ ಸದ್ದು ಬಾವಿಯಾಚೆ ಹೋದದ್ದು ಕೇಳಿಸಿತು. ಒಳಗೆ ಮಗಳು ಅಜ್ಜೀ ಅಜ್ಜೀ ಎಂದು ಕಿರುಚಿ ಸಾಕಾಗಿ ಮಲಗಿದಳು. ಅವತ್ತು ಏನೂ ತಿನ್ನಲಿಲ್ಲ. ಮರುದಿನ ನೀರನ್ನೂ ದೂಡಿದಳು.

ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಭೇಷ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರೋ, ಯಾರ ಕೈಯಿಂದ ಮಗು ತಿನ್ನುತ್ತಿದೆಯೋ ಅವರನ್ನು ಹೊರಗೆ ಹಾಕಬೇಡಿ, ಅವರನ್ನೂ ಸೇರಿಸಿಕೊಂಡೇ ಕೆದಕುವುದನ್ನು ದಿನಕ್ಕಿಷ್ಟು ಕಮ್ಮಿ ಮಾಡಿ. ಸಂಜೆಯೊಳಗೆ ನೀರು ಕುಡಿಯದಿದ್ದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಅಂದರೆ ನಾನೇ ಹಾಕಿದ ಅಗಳಿ ತೆಗೆದು ನಾನೇ ಹೋಗಿ ಕರೆಯಬೇಕು.

ಹೋದೆ. ಅವಳು ಮೆಟ್ಟಿಲ ಮೇಲೆ ಮೆಟ್ಟುಗತ್ತಿ ಇಟ್ಟುಕೊಂಡು ಮೀನು ಹಸನು ಮಾಡುತ್ತಿದ್ದಳು. ತಲೆಯೆತ್ತಲಿಲ್ಲ.

"ಬಾಗ್ಲು ಹಾಕ್ದವ್ಳು ನೀನು. ತೆಗಿಯೂಕೆ ನಾ ಬರ್ಬೇಕಾ?"

"ತೆಗ್ದೇ ಅದೆ, ದೊಡ್ಡಮ್ಮಾ. ಅವ್ಳು ನೀರೂ ಕುಡಿತಿಲ್ಲ."

ಕತ್ತಿ ನಿಂತಿತು. ಆದರೂ ಆ ಮೀನು ಮುಗಿಸಿ, ಕೈ ತೊಳೆದು, ಎಲೆಗೆ ಸುಣ್ಣ ಹಚ್ಚುವವರೆಗೆ ನನ್ನನ್ನು ನಿಲ್ಲಿಸಿಯೇ ಇಟ್ಟಳು. ನಾನು ಡಾಕ್ಟರಮ್ಮನ ಕರಾರು ಹೇಳಿದೆ. ಮೊದಲು ಇಡೀ ತಾಟು ನೋಡು, ಆಮೇಲೆ ಅರ್ಧ, ಆಮೇಲೆ ಒಂದು ತುತ್ತು ಮಾತ್ರ. ಹೀಗೆ ಬಿಡಿಸುತ್ತ ಬರಬೇಕು. ಮತ್ತೆ ಮುಖ್ಯವಾಗಿ, ಮುಳ್ಳಿಲ್ಲ ಎಂದು ಸಮಾಧಾನ ಹೇಳುವ ಹಾಗಿಲ್ಲ. ಇದಕ್ಕೆ ಅವಳು ಖಂಡಿತ ಜಗಳಕ್ಕೆ ಬರುತ್ತಾಳೆ ಎಂದು ಸೆರಗು ಬಿಗಿದುಕೊಂಡೆ.

"ಮುಳ್ಳಿಲ್ಲ ಅಂತ ನಾ ಯಾವಾಗ ಹೇಳಿದ್ದೆ ಮಾರಾಯ್ತಿ?" ಎಂದಳು. "ಅದ್ರ ಗಂಟ್ಲಲ್ಲಿ ಮುಳ್ಳು ಅದೆ ಅಂತ ನಂಗೆ ಗೊತ್ತು. ಇಲ್ಲ ಇಲ್ಲ ಅಂತ ಸುಳ್ಳು ಹೇಳೂದು ನೀವೆಲ್ಲ."

ನಾನು ನೆನಪು ಮಾಡಿಕೊಂಡು ನೋಡಿದೆ. ಹೌದು. ನಾನು, ಇವರು, ಶಾಲೆಯವರು, ಮೊದಲಿನ ಡಾಕ್ಟರುಗಳು, ಎಲ್ಲರೂ ಮಗುವಿಗೆ ಮುಳ್ಳಿಲ್ಲ ಎಂದು ಸಾವಿರ ಸಲ ಹೇಳಿದ್ದೆವು. ಇವಳೊಬ್ಬಳು ಒಂದು ಸಲವೂ ಹೇಳಿರಲಿಲ್ಲ. ಹೇಳಿದಷ್ಟೂ ಹೆದರಿಕೆ ಬೆಳೆಯುತ್ತದೆ ಎಂಬ ತಿಳುವಳಿಕೆಯಿಂದ ಡಾಕ್ಟರಮ್ಮ ಬೇಡವೆಂದದ್ದನ್ನು, ಇವಳು ಮುಳ್ಳು ಇದ್ದೇ ಇದೆ ಎಂಬ ಶುದ್ಧ ತಪ್ಪುತಿಳುವಳಿಕೆಯಿಂದ ಪಾಲಿಸಿಕೊಂಡು ಬಂದಿದ್ದಳು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಅವಳ ಹಿಂದೆ ನಡೆದೆ. ದಾರಿಯಲ್ಲಿ ಬಾವಿಕಟ್ಟೆಯ ಮೇಲೆ ಎಲೆಯಡಿಕೆ ಉಗಿದು, ಅಗಳಿ ಹಾಕುವುದಾದರೆ ಎಣ್ಣೆಯಾದರೂ ಬಿಡು, ಇಡೀ ಕೇರಿಗೆ ಕೇಳುತ್ತದೆ ಎಂದಳು.

ಮಗಳು ಅವಳನ್ನು ಕಂಡು ಎದ್ದು ಕೂತಳು. ಮೊದಲು ನೀರು ಹೋಯಿತು, ಸಂಜೆಗೆ ಗಂಜಿ. ಆಮೇಲಿನ ದಿನಗಳು ಸುಲಭವಾಗಿದ್ದವು ಎಂದು ಹೇಳಿದರೆ ಅದೇ ದೊಡ್ಡ ಸುಳ್ಳಾಗುತ್ತದೆ. ಅರ್ಧ ತಾಟು ಮಾತ್ರ ನೋಡಬೇಕೆಂದು ಕರಾರಾದರೆ ದೊಡ್ಡಮ್ಮ ಸಾರು ಕಲಸುವ ನೆವದಲ್ಲಿ ಉಳಿದರ್ಧವನ್ನೂ ಬೆರಳಾಡಿಸಿ ನೋಡುತ್ತಿದ್ದಳು. ನಾನು ಹಿಡಿದರೆ, ಅಷ್ಟು ನಂಬಿಕೆ ಇಲ್ಲದಿದ್ದರೆ ನೀನೇ ಉಣಿಸು ಎಂದು ತಾಟು ನನ್ನ ಕಡೆ ನೂಕುತ್ತಿದ್ದಳು. ನಾನು ಕೂತರೆ ಮಗಳು ಬಾಯಿ ತೆರೆಯುತ್ತಿರಲಿಲ್ಲ. ಒಂದು ದಿನ ಅವಳು ಮುನಿಸಿಕೊಂಡರೆ ಇನ್ನೊಂದು ದಿನ ನಾನು. ಮಗಳ ಸಿಟ್ಟಿಗೆ ಮೂರು ತಾಟು ನೆಗ್ಗಿಹೋದವು. ಇವರು ದಡಕ್ಕೆ ಬಂದಾಗ, ಬೋಟಿನ ಮೇಲೆ ಗಾಳಿ ಎದ್ದರೂ ಇದಕ್ಕಿಂತ ವಾಸಿ ಎಂದು ಚಪ್ಪಲಿ ಮೆಟ್ಟಿಕೊಂಡು ಬಂದರಿನ ಕಡೆ ಹೋಗಿಬಿಡುತ್ತಿದ್ದರು.

ಔಷಧ ಮೆಲ್ಲಗೆ ಹಿಡಿಯತೊಡಗಿತು. ಮೊದಲು ಕಣ್ಣು ಬಡಿಯುವುದು ಕಮ್ಮಿಯಾಯಿತು, ಆಮೇಲೆ ಕತ್ತು. ಒಂದು ಮಧ್ಯಾಹ್ನ ದೊಡ್ಡಮ್ಮ ಕೈಯನ್ನು ಸೆರಗಿನೊಳಗೆ ಕಟ್ಟಿಕೊಂಡು ಕೂತಿದ್ದಳು. ಅವತ್ತು ಒಂದು ಅಗುಳನ್ನೂ ನೋಡಬಾರದೆಂದು ಕರಾರು. ಮಗಳು ತುತ್ತು ಹಿಡಿದುಕೊಂಡು ಕೇಳಿದಳು.

"ಅಜ್ಜಿ, ಮುಳ್ಳು ಅದ್ಯಾ?"

"ಇದ್ರೆ ಇರ್ಲಿ. ನಿನ್ನ ಅಪ್ಪಂದು ಇಳ್ಸಿದ್ದೆ, ನಿಂದು ಇಳೂಲಾ ಅಂಬ್ರಾ? ನುಂಗು."

ಮಗಳು ಕಣ್ಣು ಮುಚ್ಚಿದಳು. ಗಂಟಲು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಎರಡನೆಯ ತುತ್ತು…

ಸಂಜೆಯೊಳಗೆ ಮುಳ್ಳು ಇಳಿಯಿತು ಎಂದು ಕೇರಿಯಲ್ಲೆಲ್ಲ ಸಾರಿಯಾಗಿತ್ತು. ನಾನು ತಿಂಗಳುಗಟ್ಟಲೆ ಹೊತ್ತು ಹೊತ್ತಿಗೆ ಔಷಧ ಕುಡಿಸಿದ್ದು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಂಗಳೂರಿನ ಬಸ್ಸಿನಲ್ಲಿ ಅಲೆದದ್ದು, ಡಾಕ್ಟರಮ್ಮನ ವಿದ್ಯೆ, ಯಾವುದೂ ಲೆಕ್ಕಕ್ಕಿಲ್ಲ. ಕಂಡವರೆಲ್ಲ ಆಚೆಮನೆಯ ಮೆಟ್ಟಿಲಿಗೆ ಹೋಗಿ ಹೊಗಳಿ ಬಂದರು. ಡಾಕ್ಟರಮ್ಮನಿಗೆ ಸಿಟ್ಟಿನಿಂದ ಹೇಳಿದರೆ ಅವರೂ ನಕ್ಕು, ಆ ಅಜ್ಜಿಯನ್ನು ಒಮ್ಮೆ ಕರೆದುಕೊಂಡು ಬನ್ನಿ ಎಂದರು. ಕರೆದೆ. ತನಗೇನು ಕಾಯಿಲೆ ಎಂದು ದೊಡ್ಡಮ್ಮ ಬರಲಿಲ್ಲ.

ಇದು ಒಮ್ಮೆ ಬಂದು ಹೋಗುವ ಕಾಯಿಲೆಯಲ್ಲ ಎಂದು ಆಮೇಲೆ ತಿಳಿಯಿತು. ಗಂಟಲಿಗೆ ಸೋಂಕು ತಾಗಿದಾಗ ಒಮ್ಮೊಮ್ಮೆ ಮುಳ್ಳು ತಿರುಗಿ ಬರುತ್ತಿತ್ತು. ಮಗಳು ಹೈಸ್ಕೂಲು ಮೆಟ್ಟಿಲು ಹತ್ತಿದ ಮೇಲೂ ಬಂತು. ಪ್ರತಿ ಸಲ ದೊಡ್ಡಮ್ಮ ಹಿತ್ತಿಲಿನಿಂದ ನುಗ್ಗುತ್ತಿದ್ದಳು, ಪ್ರತಿ ಸಲ ನಮ್ಮಿಬ್ಬರಿಗೂ ಜಗಳವಾಗುತ್ತಿತ್ತು. ಮೊಣಕಾಲು ಹಿಡಿದ ಮೇಲೆ ಬಾವಿಕಟ್ಟೆಯನ್ನು ಊರಿಕೊಂಡು ಬರುತ್ತಿದ್ದಳು. ಬರಬೇಡ, ನಾನೇ ಅವಳನ್ನು ಕಳಿಸುತ್ತೇನೆ ಎಂದರೆ, ನಿನ್ನ ಸಾರಿನ ಉಪ್ಪು ಯಾರು ನೋಡುತ್ತಾರೆ ಎಂದು ಕೇಳುತ್ತಿದ್ದಳು.

ಹೋದ ಮಳೆಗಾಲದಲ್ಲಿ ನಾವು ಮಂಗಳೂರಿನ ತಪಾಸಣೆ ಮುಗಿಸಿ ಬರುವಾಗ, ಸಂಜೆ ಬಸ್ಸು ಭಟ್ಕಳ ಮುಟ್ಟುವ ಹೊತ್ತಿಗಷ್ಟೇ ಊರಿನವರ ಫೋನು ಹತ್ತಿತು. ದೊಡ್ಡಮ್ಮ ಬೆಳಿಗ್ಗೆ ಗಂಜಿ ಕುಡಿದು ಒರಗಿದವಳು ಏಳಲಿಲ್ಲವಂತೆ. ಮಗಳು ಕಿಟಕಿಯ ಕಡೆ ತಿರುಗಿ ಕೂತಳು. ನಾವು ಕೇರಿ ಮುಟ್ಟುವಾಗ ಎಲ್ಲ ಮುಗಿದು ಅಂಗಳ ತೊಳೆದಿದ್ದರು. ಅಲ್ಲಿದ್ದವರನ್ನು ಮಗಳು ಕೇಳಿದ್ದು ಒಂದೇ ಮಾತು, ಅಜ್ಜಿ ಗಂಜಿ ಪೂರ್ತಿ ಕುಡಿದಿದ್ದಳೇ ಎಂದು. ಪೂರ್ತಿ ಕುಡಿದಿದ್ದಳು ಎಂದು ಯಾರೋ ಹೇಳಿದರು. ನಿಜವೋ, ಮಗುವಿನ ಸಮಾಧಾನಕ್ಕೆ ಹೇಳಿದರೋ…

ಈಗ ಮಗಳಿಗೆ ಹದಿನಾರು. ಈ ತಿಂಗಳು ಮತ್ತೆ ಗಂಟಲು ಕೆಟ್ಟಿತು, ಮತ್ತೆ ಬಂದಿದೆ. ಔಷಧ ಶುರುವಾಗಿದೆ. ಈಗ ಅವಳಿಗೆ ಎಲ್ಲ ತಿಳಿಯುತ್ತದೆ. ಇದು ಕಾಯಿಲೆ, ಮುಳ್ಳಲ್ಲ ಎಂದು ಗೊತ್ತು ಅಮ್ಮ, ಆದರೂ ಮುಳ್ಳು ಅದೆ ಎನ್ನುತ್ತಾಳೆ. ಹೆದರಿಕೆ ಇದ್ದರೂ ಇರಲಿ, ತುತ್ತು ನುಂಗು ಎಂದು ಡಾಕ್ಟರಮ್ಮ ಕಲಿಸಿದ ಮಾತನ್ನು ನಾನು ತಪ್ಪದೆ ಹೇಳುತ್ತೇನೆ. ನೀನು ಹೇಳಿದರೆ ಪಾಠ ಒಪ್ಪಿಸಿದ ಹಾಗಿರುತ್ತದೆ ಎಂದು ಅವಳು ಮುಖ ತಿರುಗಿಸುತ್ತಾಳೆ. ನನಗೆ ಸಿಟ್ಟು ಬರುತ್ತದೆ. ತಿರುಗಿ ಬಯ್ಯಲು ಹಿತ್ತಿಲಲ್ಲಿ ಯಾರೂ ಇಲ್ಲ.

ಇವತ್ತು ಮಧ್ಯಾಹ್ನ ಬಹಳ ಹೊತ್ತು ತುತ್ತು ಹಿಡಿದುಕೊಂಡು ಕೂತಿದ್ದಳು. ನಾನು ಪಾಠ ಒಪ್ಪಿಸಲು ಹೋಗಲಿಲ್ಲ. ಕಡೆಗೆ ತಾನೇ ನುಂಗಿದಳು. ಅರ್ಧ ತಾಟು ಅನ್ನ ಹೋಯಿತು. ಇವರು ಬೋಟಿನ ಮೇಲಿದ್ದಾರೆ, ಫೋನು ಹತ್ತುವುದಿಲ್ಲ. ನೀರಿಗೆ ಬಂದ ನೆರೆಮನೆಯ ಸೊಸೆಗೆ ಹೇಳಿದೆ. ಹೌದಾ, ಒಳ್ಳೆಯದಾಯಿತು ಎಂದು ಕೊಡ ತುಂಬಿಕೊಂಡು ಹೋದಳು. ಅವಳ ತಪ್ಪಲ್ಲ. ನಮ್ಮ ಮನೆಯಲ್ಲಿ ಅರ್ಧ ತಾಟು ಎಂದರೆ ಎಷ್ಟು ಎಂದು ತಿಳಿದಿದ್ದವಳು ಇಡೀ ಕೇರಿಯಲ್ಲಿ ಒಬ್ಬಳೇ ಇದ್ದಳು.